ಬೆಳಗಿನ ಆರು ಹತ್ತಕ್ಕೆ ಬರುತ್ತಿದ್ದ ಹೆಸರು

ಆಕೆ ಮೊದಲ ಸಲ ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ. ಕೈಯಲ್ಲಿ ಸುರುಳಿ ಸುತ್ತಿದ ತಂತಿ, ಹೆಗಲಿಗೆ ಭಾರದ ಚೀಲ, ಹಣೆಯ ತುಂಬ ಬೆವರು. ಇಪ್ಪತ್ತೈದು ದಾಟದ ಹುಡುಗಿ. ನೇರವಾಗಿ ಏಳನೆಯ ತರಗತಿಗೆ ಬಂದು, "ಸಾರ್, ನಿಮ್ಮ ಹಾಜರಿ ಪುಸ್ತಕ ಒಂದು ಗಳಿಗೆ ಕೊಡ್ತೀರಾ?" ಎಂದು ಕೇಳಿದಳು.

ಮೂವತ್ತು ವರ್ಷ ಪಾಠ ಹೇಳಿದ್ದ ಮೇಷ್ಟ್ರು ಆ ಪುಸ್ತಕವನ್ನು ಯಾರ ಕೈಗೂ ಸುಲಭವಾಗಿ ಕೊಟ್ಟವರಲ್ಲ. "ಅದ್ಯಾಕಮ್ಮ ನಿನಗೆ?" ಎಂದರು.

"ನಾನು ಮಾಡೋ ಕೆಲಸವೂ ಇದೇ ಸಾರ್. ಇಡೀ ಶಾಲೆಗೆ ಒಂದೇ ಹಾಜರಿ ಪುಸ್ತಕ, ಆದ್ರೆ ಯಂತ್ರದ ಒಳಗೆ. ಯಾವ ಮಗು ಯಾವ ಕಂಪ್ಯೂಟರ್ ಮುಂದೆ ಕೂತರೂ ಅದು ಮೊದಲು ಹೋಗಿ ಆ ಪುಸ್ತಕ ನೋಡತ್ತೆ. ಇವನು ಯಾರು, ಯಾವ ತರಗತಿ, ಏನು ತೆಗೀಬಹುದು, ಏನು ಮುಟ್ಟಬಾರದು. ಹೆಸರಿಲ್ಲದವರನ್ನ ಒಳಗೇ ಬಿಡಲ್ಲ. ಅದನ್ನ ಡೈರೆಕ್ಟರಿ ಅಂತಾರೆ."

ಮೇಷ್ಟ್ರಿಗೆ ಅದು ಥಟ್ಟನೆ ಅರ್ಥವಾಯಿತು. ಪುಸ್ತಕ ಕೊಟ್ಟರು. ಆಕೆ ಬೆಂಚಿನ ತುದಿಯಲ್ಲಿ ಕುಳಿತು ಒಂದೊಂದೇ ಹೆಸರನ್ನು ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. "ಸಾರ್, ಈ ಹುಡುಗ ಎರಡು ತಿಂಗಳಿಂದ ಬಂದೇ ಇಲ್ಲ. ಇವನ ಹೆಸರು ಬಿಟ್ಟುಬಿಡಲಾ?"

"ಬೇಡಮ್ಮ. ಮನೆಗೆ ಹೋಗಿ ಕೇಳ್ಕೊಂಡು ಬರದೆ ನಾನು ಯಾರ ಹೆಸರನ್ನೂ ಹೊಡೆಯೋದಿಲ್ಲ. ಅವನು ಕಾಲು ಮುರ್ಕೊಂಡು ಮಲಗಿದಾನೆ. ಬರೋ ತಿಂಗಳು ಕುಂಟ್ಕೊಂಡಾದ್ರೂ ಬರ್ತಾನೆ."

ಹುಡುಗಿ ನಕ್ಕಳು. ಆದರೆ ಚೀಲದಿಂದ ಚಿಕ್ಕ ನೋಟುಪುಸ್ತಕ ತೆಗೆದು ಏನನ್ನೋ ಬರೆದುಕೊಂಡಳು. ಏನು ಬರೆದುಕೊಂಡಳೆಂಬುದು ಬಹಳ ವರ್ಷಗಳ ನಂತರ ಆಕೆಯೇ ಹೇಳಿದ ಮೇಲೆ ತಿಳಿಯಿತು: "ಹೆಸರು ಹೊಡೆಯುವ ಮೊದಲು ಹೋಗಿ ಕೇಳು."

ಆಮೇಲೆ ಆಕೆಗೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಆಯಿತು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಾತು ಕಡಿಮೆ. ಅತ್ತೆ ಅದಕ್ಕೆ ತದ್ವಿರುದ್ಧ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದವರು. ಊರಿನ ಅರ್ಧ ಜನರ ನಂಬರು, ಆ ನಂಬರಿನ ಮನೆ, ಆ ಮನೆಯ ಜಗಳ ಎಲ್ಲವೂ ಅವರ ಬಾಯಲ್ಲೇ ಇದ್ದವು. ಸೊಸೆಯ ಕೆಲಸ ಏನೆಂದು ಕೇಳಿ ತಿಳಿದ ದಿನ ಅವರು ಹೇಳಿದ್ದು ಇಷ್ಟೇ: "ಅಯ್ಯೋ, ಇದಕ್ಕೆ ಎರಡು ಮಷೀನು, ಒಂದು ಏಸಿ ಬೇಕಾ? ನನಗೆ ಒಂದು ಲೋಟ ಕಾಫಿ ಸಾಕಾಗಿತ್ತು."

ಆಸ್ಪತ್ರೆಯಲ್ಲಿ ಆಕೆಯ ಕೋಣೆ ಮೆಟ್ಟಿಲಿನ ಕೆಳಗೆ. ಕಿಟಕಿ ಇತ್ತು, ಬಣ್ಣ ಬಳಿಯುವವರು ಚೌಕಟ್ಟಿಗೇ ಸೇರಿಸಿ ಬಳಿದದ್ದರಿಂದ ಅದು ತೆರೆಯುತ್ತಿರಲಿಲ್ಲ. ಯಂತ್ರಗಳಿಗಾಗಿ ಕೋಣೆಯನ್ನು ತಣ್ಣಗೆ ಇಡಬೇಕಾದ್ದರಿಂದ ಬಿರುಬೇಸಿಗೆಯಲ್ಲೂ ಆಕೆ ಸ್ವೆಟರು ಹಾಕಿಕೊಂಡೇ ಕೂರುತ್ತಿದ್ದಳು. ಸಾವಿರದ ಎಂಟುನೂರಕ್ಕೂ ಹೆಚ್ಚು ಹೆಸರುಗಳು ಆಕೆಯ ಪಟ್ಟಿಯಲ್ಲಿ. ವೈದ್ಯರು, ದಾದಿಯರು, ಔಷಧಿ ಕೊಡುವವರು, ಎಕ್ಸ್‌ರೇ ತೆಗೆಯುವವರು. ಯಾರಾದರೂ ಹೊಸದಾಗಿ ಸೇರಿದರೆ ಹೆಸರು ಸೇರಿಸಬೇಕು, ವಿಭಾಗ ಬದಲಾದರೆ ಬದಲಿಸಬೇಕು, ಬಿಟ್ಟುಹೋದರೆ ಮುಚ್ಚಬೇಕು. ಶಾಲೆಯ ಕಥೆಯನ್ನು ಆಕೆ ಎಲ್ಲರಿಗೂ ಹೇಳಿ ಹೇಳಿ, ಜನ ಆಕೆಯನ್ನು 'ಹಾಜರಿಯಕ್ಕ' ಎಂದೇ ಕರೆಯತೊಡಗಿದರು. ಹೆಸರು ಮುಚ್ಚುವ ಮೊದಲು ಆಕೆ ಆ ಮನುಷ್ಯನ ಕುರ್ಚಿಯ ತನಕ ನಡೆದು ಹೋಗುತ್ತಿದ್ದಳು. "ನಿಮ್ಮ ಹೆಸರಲ್ಲಿ ಬೇರೇನಾದರೂ ನಡೀತಿದೆಯಾ?" ಎಂದು ಕೇಳಿ, ಉತ್ತರ ಬರೆದುಕೊಂಡು, ಆಮೇಲೆಯೇ ಮುಚ್ಚುತ್ತಿದ್ದಳು. ನಾಲ್ಕು ಮಹಡಿ ಹತ್ತಿ ಇಳಿಯುವ ಆಕೆಯನ್ನು ನೋಡಿ ಲಿಫ್ಟಿನವನು, "ಅಕ್ಕಾ, ಕೂತಲ್ಲೇ ಒಂದು ಗುಂಡಿ ಒತ್ತಿದ್ರೆ ಆಗಲ್ವಾ?" ಎಂದು ಛೇಡಿಸುತ್ತಿದ್ದ.

ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ಮಂಗಳವಾರ ತಪಾಸಣೆಗೆ ಬಂದಿದ್ದ ಅಧಿಕಾರಿ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಒಂದು ಹೆಸರಿನ ಸುತ್ತ ಕೆಂಪು ಶಾಯಿಯ ಗೆರೆ.

"ಇವರು ಮೂರು ವರ್ಷದ ಹಿಂದೆ ನಿವೃತ್ತರಾಗಿದ್ದಾರೆ. ಹೌದಾ?"

"ಹೌದು ಸಾರ್. ಎಲ್ಲರೂ ರಕ್ತದಣ್ಣ ಅಂತಿದ್ರು. ರಕ್ತನಿಧಿಯಲ್ಲಿ ತಂತ್ರಜ್ಞರಾಗಿದ್ದರು."

"ನಿಮ್ಮ ರಕ್ತದಣ್ಣ ಇವತ್ತೂ ಬೆಳಗ್ಗೆ ಆರು ಹತ್ತಕ್ಕೆ ಕೆಲಸಕ್ಕೆ ಬಂದಿದ್ದಾರೆ. ನಿನ್ನೆಯೂ ಬಂದಿದ್ದರು. ಭಾನುವಾರವೂ ಬಂದಿದ್ದರು. ಮೂರು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿಲ್ಲ."

ಆಕೆ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಾಳೆಯ ಮೇಲೆ ಸಾಲು ಸಾಲಾಗಿ ಅದೇ ಹೆಸರು, ಅದೇ ಹೊತ್ತು. ನಿವೃತ್ತಿಯ ದಿನ ಆ ಮನುಷ್ಯ ಬಂದು, "ಅಮ್ಮಾ, ನನ್ನ ಕಾಗದಪತ್ರ ಎಲ್ಲ ಅದರಲ್ಲೇ ಬರತ್ತೆ, ಒಂದು ತಿಂಗಳು ಬಿಟ್ಟು ಮುಚ್ಚು" ಎಂದು ಕೇಳಿದ್ದು ನೆನಪಾಯಿತು. 'ಒಂದು ತಿಂಗಳು' ಎಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಳು. ಆ ಚೀಟಿ ಯಾವಾಗ ಉದುರಿತು, ಯಾವ ಗುಡಿಸುವ ಕೈಗೆ ಸಿಕ್ಕಿತು, ಯಾರಿಗೆ ಗೊತ್ತು! ಕುರ್ಚಿಗೆ ಹೋಗಿ ಕೇಳುವುದು ಅಂದು ತಪ್ಪಿತ್ತು. ಆಮೇಲೆ ಕುರ್ಚಿಯೇ ಬೇರೆಯವರದಾಗಿತ್ತು.

ಆ ಹೆಸರು ಯಾವ ಯಂತ್ರದಿಂದ ಬರುತ್ತಿದೆ ಎಂದು ನೋಡಿದರೆ ಅಲ್ಲಿ ಬರೀ ಅಂಕೆಗಳ ಉದ್ದನೆಯ ಸರ. ಆಕೆಯ ದಾಖಲೆಯಲ್ಲಿ ಆ ಅಂಕೆಗಳ ಮುಂದೆ ಜಾಗ ಖಾಲಿ. ಆಸ್ಪತ್ರೆಯಲ್ಲಿ ಹೀಗೆ ಗುರುತಿಲ್ಲದ ಯಂತ್ರಗಳು ಅರುವತ್ತರ ಮೇಲಿದ್ದವು.

ಸಾಹೇಬರು, ಎಂದರೆ ಆಕೆಯ ವಿಭಾಗದ ಮುಖ್ಯಸ್ಥರು, ಹಾಳೆ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಪರಿಸ್ಥಿತಿ ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು.

"ರೋಗಿಗಳ ವಿವರ ಯಾರೋ ದಿನಾ ಬೆಳಗ್ಗೆ ಕದ್ದು ನೋಡ್ತಿದ್ರೆ? ಇವತ್ತೇ ಮುಚ್ಚಿ."

"ಸಾರ್, ಎರಡು ದಿನ ಕೊಡಿ. ಹೋಗಿ ಕೇಳ್ಕೊಂಡು ಬರ್ತೀನಿ."

"ಏನಂತ ಕೇಳ್ತೀರಿ? ಕಳ್ಳನ ಮನೆ ಬಾಗಿಲು ತಟ್ಟಿ, ಅಣ್ಣಾ ಕದ್ದೆಯಾ ಅಂತಲಾ?"

"ಅವರು ಅಂಥವರಲ್ಲ ಸಾರ್."

"ಅಂಥವರಲ್ಲ ಅಂತ ನೀವು ಬರೆದುಕೊಡ್ತೀರಾ? ನಾಳೆ ಏನಾದ್ರೂ ಹೊರಬಿದ್ರೆ ನಿಮ್ಮ ಕೆಲಸ ಹೋಗತ್ತೆ, ಅವರ ಮಾನ ಹೋಗತ್ತೆ. ನಾಲ್ಕು ಗಂಟೆ ಒಳಗೆ ಮುಚ್ಚಿ."

ನಾಲ್ಕಕ್ಕೆ ಐದು ನಿಮಿಷ ಇರುವಾಗ ಆಕೆ ಆ ಹೆಸರಿಗೆ ಬೀಗ ಹಾಕಿದಳು. ಅಳಿಸಲಿಲ್ಲ, ಬೀಗ ಮಾತ್ರ. ಕೇಳದೆ ಮುಚ್ಚಿದ ಮೊದಲ ಹೆಸರು ಅದು. ಆಮೇಲೆ ಫೋನಿನ ಪಕ್ಕದಿಂದ ಕದಲಲಿಲ್ಲ. ಏನಾದರೂ ನಿಂತಿದ್ದರೆ ಯಾರಾದರೂ ಬೈಯಲು ಫೋನು ಮಾಡಿಯೇ ಮಾಡುತ್ತಾರೆ. ಆರು ಗಂಟೆಯವರೆಗೂ ಫೋನು ತುಟಿ ಬಿಚ್ಚಲಿಲ್ಲ. ಯಾರೂ ಬೈಯದಿದ್ದರೆ ಸಮಾಧಾನವಾಗಬೇಕು. ಆಕೆ ರಿಸೀವರು ಎತ್ತಿ ಫೋನು ಕೆಟ್ಟಿಲ್ಲ ತಾನೇ ಎಂದು ನೋಡಿದಳು.

ಮನೆಗೆ ಬಂದು ತಟ್ಟೆಯ ಮುಂದೆ ಕುಳಿತು ಊಟವನ್ನು ಬೆರಳಿಂದ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದಳು.

"ಅದೇನೇ, ಅನ್ನಕ್ಕೆ ದಾರಿ ತೋರಿಸ್ತಿದ್ದೀಯಾ?" ಎಂದರು ಅತ್ತೆ.

"ಹಸಿವಿಲ್ಲ ಅತ್ತೆ."

"ಆಫೀಸಲ್ಲಿ ಯಾರ ಹತ್ರಾನೋ ಬೈಸ್ಕೊಂಡಿದ್ದೀಯ. ಬೈಸ್ಕೊಂಡ ಮುಖ ನನಗೆ ಗೊತ್ತು, ನಾನೂ ಮೂವತ್ತೊಂದು ವರ್ಷ ಬೈಸ್ಕೊಂಡಿದ್ದೀನಿ." ಗಂಡ ಮೊಸರಿನ ಪಾತ್ರೆಯನ್ನು ಆಕೆಯ ಕಡೆಗೆ ಸರಿಸಿದ.

ಮರುದಿನ ಐದೂವರೆಗೇ ಎದ್ದು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಳು. ಮನೆಯಿಂದ ಪಟ್ಟಿಯನ್ನು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಮುಟ್ಟಬೇಕಾದರೆ ಮೆಟ್ಟಿಲ ಕೆಳಗಿನ ಆ ತಣ್ಣನೆ ಕೋಣೆಗೇ ಹೋಗಬೇಕು. ಹಾಗೆಂದು ನಿಯಮ ಮಾಡಿದವಳೂ ಆಕೆಯೇ.

ಆರು ಹತ್ತು. ರಕ್ತದಣ್ಣನ ಹೆಸರು ಬಂದಿತು. ಪಟ್ಟಿ ಒಳಗೆ ಬಿಡಲಿಲ್ಲ.

ಆರು ಹನ್ನೊಂದು. ಮತ್ತೆ ಬಂದಿತು. ಬಿಡಲಿಲ್ಲ. ಆರು ಹನ್ನೆರಡು. ಆರು ಹದಿಮೂರು.

ಆಕೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮನುಷ್ಯನಾದರೆ ಎರಡು ಸಲ ತಟ್ಟುತ್ತಾನೆ, ಮೂರನೆಯ ಸಲ ಜೋರಾಗಿ ತಟ್ಟುತ್ತಾನೆ, ಆಮೇಲೆ ಬೇಸತ್ತು ಹೋಗುತ್ತಾನೆ. ಕಳ್ಳನಾದರೆ ಮೊದಲ ಸಲಕ್ಕೇ ಓಡುತ್ತಾನೆ. ಇದು ಒಂದು ನಿಮಿಷಕ್ಕೆ ಒಂದು ಸಲ, ಒಂದು ಸೆಕೆಂಡೂ ಹೆಚ್ಚು ಕಡಿಮೆಯಿಲ್ಲದೆ, ಸಿಟ್ಟಿಲ್ಲದೆ, ಬೇಸರವಿಲ್ಲದೆ ತಟ್ಟುತ್ತಿತ್ತು. ಇದು ಮನುಷ್ಯನಲ್ಲ, ಯಂತ್ರ. ಆ ಮುದುಕರ ಹೆಸರು ಹೇಳಿಕೊಂಡು ಯಾವುದೋ ಯಂತ್ರ ಮೂರು ವರ್ಷದಿಂದ ದಿನವೂ ಕೆಲಸಕ್ಕೆ ಬರುತ್ತಿದೆ. ಈಗ ಅದನ್ನು ನಾನು ಬಾಗಿಲಾಚೆ ನಿಲ್ಲಿಸಿದ್ದೇನೆ. ಯಾವ ಯಂತ್ರ? ಏನು ಮಾಡುತ್ತಿತ್ತು?

ರಕ್ತನಿಧಿಯ ಯಂತ್ರ ಎಂದುಕೊಂಡವಳೇ ಫೋನು ಎತ್ತಿಕೊಂಡಳು. ಪಟ್ಟಿಯಲ್ಲಿದ್ದ ರಕ್ತದಣ್ಣನ ಮೊಬೈಲಿಗೆ ಫೋನು ಮಾಡಿದಳು. ಆ ನಂಬರು ಚಾಲನೆಯಲ್ಲಿಲ್ಲ ಎಂದಿತು. ಮನೆಯ ವಿಳಾಸವಿರಬೇಕಾದ ಜಾಗದಲ್ಲಿ ಯಾರೋ ಆಸ್ಪತ್ರೆಯ ವಿಳಾಸವನ್ನೇ ಬರೆದಿದ್ದರು.

"ಅತ್ತೇ," ಎಂದಳು, ದನಿ ಕೀಚಲಾಗಿ ಬಂದಿತು. "ರಕ್ತನಿಧಿಯಲ್ಲಿ ಒಬ್ಬರಿದ್ದರು, ಎತ್ತರಕ್ಕೆ, ಸ್ವಲ್ಪ ಬಗ್ಗಿ ನಡೀತಿದ್ರು, ನಿಮಗೇನಾದ್ರೂ..."

"ನಾಲ್ಕು ಏಳು ಸೊನ್ನೆ ಎರಡು," ಎಂದರು ಅತ್ತೆ, ಒಲೆಯ ಕಡೆಯಿಂದ ತಿರುಗದೆಯೇ. "ಆ ಲೈನು ಈಗಿಲ್ಲ. ನೀರಿನ ಟ್ಯಾಂಕ್ ಹಿಂದಿನ ಬೀದಿ, ಎಡಗಡೆ ಮೂರನೇ ಮನೆ. ಎಷ್ಟು ಹೊತ್ತಿಗೆ ಆಸ್ಪತ್ರೆಯಿಂದ ಕರೆ ಬಂದ್ರೂ ಎರಡನೇ ರಿಂಗಿಗೇ ಎತ್ತೋವ್ರು. ಒಂದು ದಿನವೂ ನನ್ನ ಮೇಲೆ ರೇಗಿಲ್ಲ. ಯಾಕೆ, ಹೋಗ್ಬಿಟ್ರಾ?"

"ಇಲ್ಲ ಅತ್ತೆ. ನಾನೇ ಅವರ ಹೆಸರು ಮುಚ್ಚಿಬಿಟ್ಟೆ."

ಅತ್ತೆಗೆ ಏನೂ ಅರ್ಥವಾಗಲಿಲ್ಲ, ಆದರೆ ಒಲೆ ಆರಿಸಿದರು. "ಹಾಗಾದ್ರೆ ಇಲ್ಲಿ ನಿಂತ್ಕೊಂಡು ಏನು ಮಾಡ್ತಿದ್ದೀಯ? ಹೋಗು!"

ಗಂಡನ ಸ್ಕೂಟರು ತೆಗೆದುಕೊಂಡು ಹೊರಟಳು. ಹಾಲಿನ ಗಾಡಿಗಳು, ಪೇಪರು ಹಾಕುವವರು, ಅಂಗಡಿಯ ಮುಂದೆ ನೀರು ಚೆಲ್ಲುವವರು, ಎಲ್ಲರೂ ಬೇಕೆಂದೇ ಅಡ್ಡ ಬರುತ್ತಿರುವಂತೆ ಕಂಡರು. ದಾರಿಯುದ್ದಕ್ಕೂ ತಲೆಯೊಳಗೆ ನಿಮಿಷಕ್ಕೊಂದು ಸಲ ಬಾಗಿಲು ತಟ್ಟಿದ ಸದ್ದು.

ಮೂರನೆಯ ಮನೆಯ ಮುಂದೆ ರಕ್ತದಣ್ಣ ಕುಂಡಗಳಿಗೆ ನೀರು ಹಾಕುತ್ತಿದ್ದರು. ಮೊದಲಿಗಿಂತ ಇನ್ನಷ್ಟು ಬಗ್ಗಿದ್ದರು.

"ಏನಮ್ಮ ಹಾಜರಿಯಕ್ಕ, ಇಷ್ಟು ಬೆಳಗ್ಗೆ! ನನ್ನ ಹಾಜರಿ ತಗೊಳ್ಳೋಕೆ ಬಂದ್ಯಾ?"

"ಅಣ್ಣಾ, ನಿಮ್ಮ ಹೆಸರಲ್ಲಿ ಆಸ್ಪತ್ರೆಯಲ್ಲಿ ಏನಾದ್ರೂ ಯಂತ್ರ ಓಡ್ತಿತ್ತಾ?"

ಮೂರು ವರ್ಷ ತಡವಾಗಿ ಕೇಳಿದ ಪ್ರಶ್ನೆ. ಅವರು ನೀರಿನ ತಂಬಿಗೆ ಕೆಳಗಿಟ್ಟು ಯೋಚಿಸಿದರು. "ನನ್ನ ಹೆಸರಲ್ಲಾ? ಏನೂ ಇಲ್ಲಮ್ಮ. ಆ ಫ್ರಿಜ್ಜು ಕಾಯೋ ಪೆಟ್ಟಿಗೆ ಬಿಟ್ರೆ."

"ಯಾವ ಪೆಟ್ಟಿಗೆ?"

"ರಕ್ತ ಇಡೋ ಫ್ರಿಜ್ಜುಗಳ ಹಿಂದೆ ಇದೆಯಲ್ಲ, ಊಟದ ಡಬ್ಬಿಯಷ್ಟು ದೊಡ್ಡದು. ಫ್ರಿಜ್ಜು ಬಿಸಿಯಾದ್ರೆ ಡ್ಯೂಟಿಯವರ ಮೊಬೈಲಿಗೆ ಸಂದೇಶ ಕಳಿಸತ್ತೆ. ದಿನಾ ಬೆಳಗ್ಗೆ ಒಂದು ಸಲ ತಾನೇ ಆರಿ ಹತ್ಕೊಂಡು, ಹೊಸದಾಗಿ ಹೆಸರು ಹೇಳಿ ಒಳಗೆ ಬರತ್ತೆ. ಹಾಕೋಕೆ ಬಂದವನು ಒಂದು ಹೆಸರು, ಒಂದು ಪಾಸ್‌ವರ್ಡ್ ಬೇಕು ಅಂದ. ನಿಮ್ಮ ಆಫೀಸಿಗೆ ಕೇಳಿದ್ರೆ ಅರ್ಜಿ ಬರೀರಿ, ಹದಿನೈದು ದಿನ ಅಂದ್ರು. ರಕ್ತ ಹದಿನೈದು ದಿನ ಕಾಯತ್ತಾ? ನನ್ನ ಹೆಸರೇ ಹಾಕಪ್ಪಾ ಅಂದೆ. ಅದಕ್ಕೇ ಅಲ್ವಾ ನಿನ್ನ ಹತ್ರ ಬಂದು, ನನ್ನ ಪಾಸ್‌ವರ್ಡ್ ಬದಲಾಗದ ಹಾಗೆ ಮಾಡಮ್ಮ ಅಂದಿದ್ದು?"

ಹೌದು, ಅಂದಿದ್ದರು. ಆಕೆ ನಗುತ್ತಲೇ ಪರದೆಯ ಮೇಲಿನ ಒಂದು ಚೌಕದಲ್ಲಿ ಗುರುತು ಹಾಕಿಕೊಟ್ಟಿದ್ದಳು. ಯಾಕೆ ಎಂದು ಕೇಳಿರಲಿಲ್ಲ.

"ಅಣ್ಣಾ, ನಿನ್ನೆ ಸಾಯಂಕಾಲ ನಾನು ಆ ಹೆಸರಿಗೆ ಬೀಗ ಹಾಕಿದೆ. ಇವತ್ತು ಆರು ಹತ್ತರಿಂದ ಪೆಟ್ಟಿಗೆ ಮೂಕವಾಗಿದೆ."

ಮುದುಕರ ಮುಖದ ನಗು ಅಳಿಸಿಹೋಯಿತು. "ಫೋನ್ ಮಾಡು," ಎಂದರು.

ಮಾಡಿದಳು. ರಕ್ತನಿಧಿಯ ಫೋನು ಎಂಗೇಜ್. ಮತ್ತೆ ಮಾಡಿದಳು. ಎಂಗೇಜ್. ಸ್ವಿಚ್‌ಬೋರ್ಡಿಗೆ ಮಾಡಿದರೆ ದಯವಿಟ್ಟು ಕಾಯಿರಿ ಎನ್ನುವ ಹೆಣ್ಣುದನಿ, ಅದರ ಹಿಂದೆ ಪಿಟೀಲು. ಏಳು ಗಂಟೆಯ ಪಾಳಿ ಬದಲಾಗುವ ಹೊತ್ತು. ಆಕೆ ಕಾಲು ಸುಟ್ಟ ಬೆಕ್ಕಿನಂತೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು. ಆಮೇಲೆ ಏನು ಹೊಳೆಯಿತೋ, ಮನೆಗೆ ಫೋನು ಮಾಡಿದಳು.

"ಅತ್ತೇ, ರಕ್ತನಿಧಿಗೆ ಬೇರೆ ನಂಬರ್ ಇದೆಯಾ?"

"ಹಿಂದಿನ ಕೋಣೆದು. ಆಸ್ಪತ್ರೆ ನಂಬರಿನ ಕೊನೆಗೆ ಎರಡು ಒಂದು ಆರು ಹಾಕು. ತುಂಬ ಹೊತ್ತು ಬಡ್ಕೊಳ್ಳಲಿ, ಬೇಗ ಇಡಬೇಡ. ಕೈ ತೊಳೀತಿರ್ತಾರೆ."

ಹದಿನಾಲ್ಕನೆಯ ರಿಂಗಿಗೆ ಒಬ್ಬಳು ಎತ್ತಿದಳು. ಆಗಷ್ಟೇ ಪಾಳಿಗೆ ಬಂದ ತಂತ್ರಜ್ಞೆ. ಮಾತು ಶುರುವಾಗುವ ಮೊದಲೇ ರಕ್ತದಣ್ಣ ಫೋನು ಕಿತ್ತುಕೊಂಡರು.

"ಯಾರೇ ಅದು? ನಾನು ರಕ್ತದಣ್ಣ. ಫ್ರಿಜ್ಜುಗಳ ಬಾಗಿಲು ನೋಡು. ಎಲ್ಲ. ಕೈಯಿಂದ ಮುಟ್ಟಿ ನೋಡು, ದೂರದಿಂದ ಬೇಡ."

ಆ ಕಡೆ ಚಪ್ಪಲಿಯ ಸದ್ದು. ಆಮೇಲೆ, "ಅಯ್ಯೋ ಅಣ್ಣಾ! ಎರಡನೇದರ ಬಾಗಿಲು ಪೂರ್ತಿ ಕೂತಿಲ್ಲ. ತಟ್ಟೆ ಅಡ್ಡ ಸಿಕ್ಕಿದೆ. ಒಂಬತ್ತು ಡಿಗ್ರಿ ತೋರಿಸ್ತಿದೆ!"

"ಆರು ದಾಟಬಾರದು ಅದು. ಕೂಗಲಿಲ್ವಾ?"

"ಕೂಗೋ ಅಲಾರಂಗೆ ಟೇಪ್ ಅಂಟಿಸಿದಾರಣ್ಣ. ಬಾಗಿಲು ತೆಗೆದಾಗೆಲ್ಲ ಕಿರುಚತ್ತೆ ಅಂತ."

"ಚೀಲಗಳನ್ನೆಲ್ಲ ಒಂದನೇದಕ್ಕೆ ಹಾಕು. ಒಂದೊಂದರದೂ ಬಿಸಿ ಅಳೆದು ಬರ್ಕೋ. ಹತ್ತು ದಾಟಿದ್ದನ್ನ ಬೇರೆ ಇಡು. ನಾನು ಬರ್ತಿದ್ದೀನಿ." ಫೋನು ಹಿಂದಕ್ಕೆ ಕೊಟ್ಟು, ಮನೆಯ ಅಂಗಿಯಲ್ಲೇ ಸ್ಕೂಟರಿನ ಹಿಂದೆ ಹತ್ತಿದರು. "ನಿಧಾನ ಹೋಗಮ್ಮ. ಬಿದ್ರೆ ನಮಗೂ ಅದೇ ರಕ್ತ ಬೇಕು" ಎಂದರು. ಆಕೆಗೆ ನಗಲಾಗಲಿಲ್ಲ.

ಆಸ್ಪತ್ರೆ ಸೇರಿದವಳೇ ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದಳು. ಸ್ವೆಟರು ಹಾಕಿಕೊಳ್ಳದೆ, ನಿಂತುಕೊಂಡೇ, ಬೀಗ ತೆಗೆದಳು. ಏಳು ಮೂವತ್ತನಾಲ್ಕಕ್ಕೆ ರಕ್ತದಣ್ಣನ ಹೆಸರು ಒಳಗೆ ಬಂದಿತು. ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷದಲ್ಲಿ ಅದು ಎಂಬತ್ತೈದು ಸಲ ಬಾಗಿಲು ತಟ್ಟಿತ್ತು.

ಫ್ರಿಜ್ಜಿನಲ್ಲಿ ನಲವತ್ತಮೂರು ಚೀಲಗಳಿದ್ದವು. ಹಿಂದಿನವು ಉಳಿದವು. ಬಾಗಿಲ ಬಳಿಯಿದ್ದ ಮೂರನ್ನು ಎಸೆಯಬೇಕಾಯಿತು. ಆ ಮೂರರಲ್ಲಿ ಎರಡು ಅಪರೂಪದ ಗುಂಪಿನವು. ಹತ್ತು ಗಂಟೆಗೆ ಶಸ್ತ್ರಚಿಕಿತ್ಸೆ ಆಗಬೇಕಿದ್ದ ಒಬ್ಬ ಹೆಂಗಸಿಗಾಗಿ ತೆಗೆದಿಟ್ಟವು. ಬೇರೆ ಊರಿನಿಂದ ತರಿಸುವ ತನಕ ಅವಳು ಕಾಯಬೇಕಾಯಿತು. ಹಾಜರಿಯಕ್ಕ ಮೂರನೆಯ ಮಹಡಿಗೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತಳು. ಹಸಿದ ಹೊಟ್ಟೆಯಲ್ಲಿ ಮಲಗಿದ್ದ ಆ ಹೆಂಗಸು ತಂಗಿಗೆ, "ಇವತ್ತಿಲ್ಲವಂತೆ ಕಣೇ, ನಾಳೆಯಂತೆ. ಮತ್ತೆ ಒಂದು ರಾತ್ರಿ ಹೆದರ್ಕೋಬೇಕು" ಎನ್ನುತ್ತಿದ್ದಳು. ಹಾಜರಿಯಕ್ಕ ಬಾಗಿಲಿಂದಲೇ ಹಿಂತಿರುಗಿದಳು. ಮಾರನೆಯ ದಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ಕೇಳುವವರೆಗೆ ಆಕೆ ಗಂಟೆಗೊಮ್ಮೆ ವಾರ್ಡಿಗೆ ಫೋನು ಮಾಡುತ್ತಲೇ ಇದ್ದಳು.

ಅಂದೇ ಮಧ್ಯಾಹ್ನ ಎರಡು ಪುಟ ಬರೆದು ಸಾಹೇಬರ ಮುಂದಿಟ್ಟಳು. ಚೀಟಿ ಕಳೆದದ್ದು, ಚೌಕದಲ್ಲಿ ಗುರುತು ಹಾಕಿದ್ದು, ಕೇಳದೆ ಮುಚ್ಚಿದ್ದು, ಒಂದನ್ನೂ ಬಿಟ್ಟಿರಲಿಲ್ಲ. ಸಾಹೇಬರು ಓದಿದರು. ಕನ್ನಡಕ ತೆಗೆದರು.

"ನಾಲ್ಕು ಗಂಟೆ ಒಳಗೆ ಅಂತ ಹೇಳಿದ್ದು ನಾನು. ಅದು ಇದರಲ್ಲಿ ಎಲ್ಲಿದೆ?"

"ಬರೆದಿಲ್ಲ ಸಾರ್."

"ಯಾಕೆ? ನಾನು ಓದಲ್ಲ ಅಂತಲಾ?" ಪೆನ್ನು ತೆಗೆದು ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿ ಸಹಿ ಹಾಕಿದರು. ಇಬ್ಬರಿಗೂ ಮೇಲಿನಿಂದ ಎಚ್ಚರಿಕೆಯ ಪತ್ರ ಬಂದಿತು. ಕೆಲಸ ಉಳಿಯಿತು.

ಪೆಟ್ಟಿಗೆಗೆ ಅದರದೇ ಒಂದು ಹೆಸರು ಕೊಟ್ಟದ್ದು ಆ ಶುಕ್ರವಾರ. ರಕ್ತದಣ್ಣನನ್ನು ಕರೆಸಿ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. "ಅಣ್ಣಾ, ನಿಮ್ಮ ಹೆಸರಲ್ಲಿ ಬೇರೇನಾದ್ರೂ ನಡೀತಿದೆಯಾ?" ಎಂದು ಪದ್ಧತಿಯಂತೆ ಕೇಳಿದಳು.

"ಪಿಂಚಣಿ ಒಂದು ನಡೀತಿದೆ. ಅದನ್ನ ಮಾತ್ರ ಮುಚ್ಚಬೇಡ ತಾಯಿ," ಎಂದರು ಅವರು.

ಇದೆಲ್ಲ ಆಗಿ ಆರು ವರ್ಷ ಕಳೆದಿವೆ. ಹಾಜರಿಯಕ್ಕನ ಕೂದಲು ಅಲ್ಲಲ್ಲಿ ನೆರೆತಿದೆ. ಗುರುತಿಲ್ಲದ ಯಂತ್ರಗಳನ್ನು ಹುಡುಕುತ್ತ ಒಂದು ವರ್ಷವಿಡೀ ಆಸ್ಪತ್ರೆಯ ಮೂಲೆ ಮೂಲೆಯಲ್ಲಿ ಮಂಡಿಯೂರಿ ಕುಳಿತು ಒಂದೊಂದಕ್ಕೂ ಚೀಟಿ ಅಂಟಿಸಿದಳು. ನಾಲ್ಕು ಇನ್ನೂ ಸಿಕ್ಕಿಲ್ಲ. ಆ ನಾಲ್ಕರ ಮಾತು ಬಂದರೆ ಈಗಲೂ ಆಕೆಯ ಮುಖ ಬಾಡುತ್ತದೆ. ಯಾರೇ ಬಿಟ್ಟುಹೋಗಲಿ, ನೋಟುಪುಸ್ತಕ ಹಿಡಿದು ಅವರ ಕುರ್ಚಿಗೆ ಹೋಗುತ್ತಾಳೆ. ಕುರ್ಚಿಯಲ್ಲಿ ಇಲ್ಲದಿದ್ದರೆ ಮನೆಗೆ ಹೋಗುತ್ತಾಳೆ. ಲಿಫ್ಟಿನವನೂ ಈಚೆಗೆ ನಿವೃತ್ತನಾದ. ಅವನ ಸ್ಟೂಲಿನ ಬಳಿ ನಿಂತು ಅವನನ್ನೂ ಕೇಳಿದಳಂತೆ.

ಬೆಳಗ್ಗೆ ಆರಕ್ಕೆ ಅಡುಗೆಮನೆಯ ಮೇಜಿನ ಮುಂದೆ ಕೂರುವುದು ಮಾತ್ರ ನಿಂತಿಲ್ಲ. ಅತ್ತೆಗೆ ಈಗ ಕಿವಿ ಮಂದ, ಆದರೂ ಸೊಸೆ ಎದ್ದ ಸದ್ದಿಗೆ ಎದ್ದುಬಂದು ಎದುರಿಗೆ ಕೂರುತ್ತಾರೆ.

"ಬಂತೇನೇ ನಿನ್ನ ಪೆಟ್ಟಿಗೆ?"

"ಇನ್ನೂ ಇಲ್ಲ ಅತ್ತೆ. ಆರು ಒಂಬತ್ತು."

ಇಬ್ಬರೂ ಪರದೆಯ ಕಡೆಗೆ ನೋಡುತ್ತ ಕೂರುತ್ತಾರೆ. ಪೆಟ್ಟಿಗೆಯ ಹೆಸರಿನ ಸಾಲು ಮೂಡಿದ ಮೇಲೆಯೇ ಆಕೆ ಎದ್ದು ಕಾಫಿಗೆ ನೀರಿಡುವುದು.